ಬಲಗೈಯಲ್ಲಿ ತೆಗೆದುಕೊಂಡ ಟಪಾಲು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಕೆಳಗೆ ಇಳಿಯುತ್ತದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳಾದ್ದರಿಂದ ಪದಗಳೂ ಕಡಿಮೆ. ಪ್ರತಿ ಪುಟವನ್ನೂ ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಓದಿ ನೋಡಿ, ಆಮೇಲೆ ಪೆನ್ನಿನಲ್ಲಿ ಬರೆದಿದ್ದೇನೆ. ಪದ ತಪ್ಪಿರಬಹುದು, ನಡೆದದ್ದನ್ನು ತಪ್ಪಾಗಿ ಬರೆದಿಲ್ಲ.

ಫೆಬ್ರವರಿಯಲ್ಲಿ ವರ್ಲಿನ್ ಟೀಗ್ ತೀರಿಕೊಂಡಾಗ ಪತ್ರಿಕೆಯಲ್ಲಿ ಆರು ಸಾಲು ಬಂತು. ಮೂವತ್ತನಾಲ್ಕು ವರ್ಷ ಟಪಾಲು ಹಂಚಿದರು, ಚರ್ಚಿನಲ್ಲಿ ಹಿರಿಯರಾಗಿದ್ದರು, ಹೆಂಡತಿ ನೋಮಾ ಇದ್ದಾರೆ ಎಂದಷ್ಟೇ. ಬೇಸ್‌ಬಾಲ್ ಎಂಬ ಪದ ಎಲ್ಲೂ ಇರಲಿಲ್ಲ. ನಮ್ಮ ಪೋರ್ಟರ್ಸ್ ಸ್ಲೂ ಲೈಬ್ರರಿಯಲ್ಲಿ ಊರಿನ ಜನರ ಬಗ್ಗೆ ಬರೆದು ಇಡುವ ಒಂದು ಕಡತ ಇದೆ. ಅದಕ್ಕೆ ಬರೆದುಕೊಡು ಎಂದು ನೋಮಾ ಕೇಳಿದರು. ಇದರಲ್ಲಿ ಬರುವ ಹುಡುಗ ಕೋರ್ಬಿಯ ತಂಗಿ ನಾನು. ಆದರೆ ಇದು ವರ್ಲಿನ್ ಅವರ ಕಥೆ. ಅದಕ್ಕೇ ನನ್ನನ್ನೂ ‘ತಂಗಿ’ ಎಂದೇ ಬರೆದಿದ್ದೇನೆ.

ಟಪಾಲು ಹಂಚುವುದು ವರ್ಲಿನ್ ಅವರಿಗೆ ಹೊಟ್ಟೆಪಾಡಿನ ಕೆಲಸ. ಅವರ ನಿಜವಾದ ಕೆಲಸ ಬೇರೆ ಇತ್ತು. ಪ್ರತಿ ಜೂನ್ ತಿಂಗಳಲ್ಲಿ ಬೇಸ್‌ಬಾಲಿನ ದೊಡ್ಡ ತಂಡಗಳು ದೇಶದ ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಆ ಡ್ರಾಫ್ಟಿಗೆ ಮೊದಲು ತಂಡಗಳ ಸ್ಕೌಟುಗಳು ಊರೂರು ಅಲೆದು ಹುಡುಗರ ಆಟ ನೋಡುತ್ತಾರೆ. ಹತ್ತು ಜಿಲ್ಲೆಗೆ ಒಬ್ಬ ಸ್ಕೌಟ್. ಅವನು ಎಲ್ಲಾ ಮೈದಾನಕ್ಕೂ ಹೋಗುವುದು ಆಗದ ಮಾತು. ಆದ್ದರಿಂದ ಊರಿನಲ್ಲೇ ಇರುವ ಒಬ್ಬರು ‘ಇಲ್ಲೊಬ್ಬ ಹುಡುಗ ಇದ್ದಾನೆ, ಬಂದು ನೋಡಿ’ ಎಂದು ಅವನಿಗೆ ಹೇಳಬೇಕು. ಆ ಒಬ್ಬರಿಗೆ ಸಂಬಳವಿಲ್ಲ. ಸಿಗುವುದು ತಂಡದ ಒಂದು ಟೋಪಿ, ಒಂದು ಜಾಕೆಟ್ಟು. ಅವರನ್ನು ಎಲ್ಲರೂ ಬೇಟೆನಾಯಿ ಎನ್ನುತ್ತಾರೆ. ಹಕ್ಕಿ ಎಲ್ಲಿದೆ ಎಂದು ಮೂಗು ಚಾಚಿ ತೋರಿಸುವುದು ನಾಯಿ, ಹೊಡೆಯುವುದು ಬೇರೆಯವರು.

ಇಪ್ಪತ್ತಾರು ವರ್ಷ ವರ್ಲಿನ್ ಹಾಗೆ ಮೂಗು ಚಾಚಿದರು. ಅವರು ತೋರಿಸಿದ ಒಬ್ಬ ಹುಡುಗನನ್ನೂ ಯಾವ ತಂಡವೂ ಆರಿಸಲಿಲ್ಲ. ಒಬ್ಬನಿಗೆ ಓಟ ಸಾಲದು, ಇನ್ನೊಬ್ಬನಿಗೆ ಕಣ್ಣು ಸಾಲದು, ಮತ್ತೊಬ್ಬ ಸೈನ್ಯಕ್ಕೆ ಹೋದ. ಡಾಟ್ ಕೆಫೆಯಲ್ಲಿ ಬೆಳಗಿನ ಕಾಫಿಗೆ ಕೂತ ರೈತರು ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

“ಏನ್ ವರ್ಲಿನ್, ಈ ವರ್ಷಾನೂ ನಿನ್ನ ಮೂಗಿಗೆ ನೆಗಡಿನಾ?”

“ನೆಗಡಿ ಇದ್ರೂ ನಿನ್ನ ಸೋಯಾ ಗೊಬ್ಬರದ ವಾಸನೆ ಬರುತ್ತೆ ಕಣೋ,” ಎಂದು ವರ್ಲಿನ್ ನಗುತ್ತಿದ್ದರು. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ನಗುತ್ತಿರಲಿಲ್ಲ. ಸಾಯುವುದರೊಳಗೆ ಒಬ್ಬ. ಒಬ್ಬನೇ ಸಾಕು. ಅವರು ಬೇಡಿದ್ದು ಅಷ್ಟೇ. ಇದನ್ನು ಅವರು ತಮ್ಮ ಬಾಯಿಂದಲೇ ಹೇಳಿದ್ದರು.

ನಮ್ಮ ಕಡೆ ಟಪಾಲಿನವರು, ಸ್ಟಿಯರಿಂಗ್ ಎಡಬದಿಯಲ್ಲಿದ್ದರೂ, ಕಾರಿನ ಬಲಬದಿಯ ಸೀಟಿನಲ್ಲಿ ಕೂತು, ಎಡಗಾಲನ್ನು ಅತ್ತ ಚಾಚಿ ಬ್ರೇಕು ತುಳಿಯುತ್ತಾ, ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಬಲಗೈಯಿಂದ ರಸ್ತೆ ಬದಿಯ ಡಬ್ಬಿಗಳಿಗೆ ಟಪಾಲು ಹಾಕುತ್ತಾ ಹೋಗುತ್ತಾರೆ. ನಾಲ್ಕು ನೂರ ಹನ್ನೆರಡು ಡಬ್ಬಿಗಳು. ಯಾರ ಮನೆ ಮುಂದೆ ಯಾವ ಮಗು ಏನು ಎಸೆಯುತ್ತದೆ, ಹೇಗೆ ಓಡುತ್ತದೆ ಎಂದು ವರ್ಲಿನ್ ನೋಡುತ್ತಿದ್ದರು. ತಾಯಂದಿರ ಹೆಗಲಿನ ಅಗಲ, ತಂದೆಯಂದಿರ ಮಣಿಕಟ್ಟು ಕೂಡ ನೋಡುತ್ತಿದ್ದರು, ಹುಡುಗ ಎಷ್ಟು ಬೆಳೆಯುತ್ತಾನೆ ಎಂದು ತಿಳಿಯಲು. ಕಂಡದ್ದನ್ನು ಊಟದ ಹೊತ್ತಿಗೆ ಒಂದೊಂದು ಕಾರ್ಡಿನಲ್ಲಿ ಬರೆದು ಶೂ ಡಬ್ಬಿಗೆ ಹಾಕುತ್ತಿದ್ದರು.

ಲೆಡ್‌ಬೆಟರ್ ಮನೆಯ, ಅಂದರೆ ಕೋರ್ಬಿಯ ಮನೆಯ, ಡಬ್ಬಿಯ ಪಕ್ಕಕ್ಕಿದ್ದ ತಗಡಿನ ಕೆಂಪು ಬಾವುಟ ಒಂದು ಬೇಸಿಗೆಯಲ್ಲಿ ಮೂರು ಸಲ ಬಗ್ಗಿತ್ತು. ನಾಲ್ಕನೆಯ ಸಲ ವರ್ಲಿನ್ ಹತ್ತಿಹೊಲದ ತಿರುವಿನಲ್ಲೇ ಕಾರು ನಿಲ್ಲಿಸಿ ನೋಡಿದರು. ಒಂಬತ್ತು ವರ್ಷದ ಕೋರ್ಬಿ ಅಂಗಳದ ಆ ತುದಿಯಲ್ಲಿ ನಿಂತು ಒಣ ಮಣ್ಣಿನ ಹೆಂಟೆಗಳನ್ನು ಎಡಗೈಯಲ್ಲಿ ಬಾವುಟಕ್ಕೆ ಹೊಡೆಯುತ್ತಿದ್ದ.

ಹನ್ನೊಂದು ಹೆಂಟೆ ಮುಗಿದ ಮೇಲೆ ವರ್ಲಿನ್ ಕಾರು ತಂದು ಅವನ ಮುಂದೆ ನಿಲ್ಲಿಸಿದರು.

“ಇದು ಸರ್ಕಾರದ ಡಬ್ಬಿ ಕಣಪ್ಪ. ಜೈಲಿಗೆ ಹಾಕ್ತಾರೆ.”

ಹುಡುಗ ಬಿಳಿಚಿಕೊಂಡ. “ಇನ್ಮೇಲೆ ಹೊಡೆಯಲ್ಲ, ಸರ್.”

“ಹೊಡೀಬೇಡ ಅಂತ ಯಾರು ಹೇಳಿದ್ರು? ಇನ್ನು ಎರಡು ಹೆಜ್ಜೆ ಹಿಂದೆ ನಿಂತ್ಕೊಂಡು ಹೊಡಿ.”

ಅವತ್ತಿನ ಕಾರ್ಡಿನಲ್ಲಿ ಹೀಗಿದೆ: ‘ಎಡಗೈ. ಹನ್ನೊಂದಕ್ಕೆ ಏಳು. ತಾಯಿಯ ಹೆಗಲು ಅಗಲ.’

ಆ ದಿನದಿಂದ ಒಂಬತ್ತು ವರ್ಷ, ಶಾಲೆಗೆ ರಜೆ ಇದ್ದಾಗಲೆಲ್ಲ, ಕೋರ್ಬಿ ಡಬ್ಬಿಯ ಹತ್ತಿರ ಬಂದು ನಿಲ್ಲುತ್ತಿದ್ದ. ವರ್ಲಿನ್ ಕಾಗದಗಳ ಕಟ್ಟನ್ನು ಕಿಟಕಿಯಿಂದ ಚಾಚುತ್ತಿದ್ದರು. ಅವನು ಎಡಗೈಯಲ್ಲಿ ತೆಗೆದುಕೊಳ್ಳುತ್ತಿದ್ದ. ಹದಿನೆಂಟಕ್ಕೆ ಬರುವಷ್ಟರಲ್ಲಿ ಅವನು ಆರಡಿ ಮೂರಂಗುಲ ಆಗಿದ್ದ, ಚೆಂಡು ಗಂಟೆಗೆ ತೊಂಬತ್ತೆರಡು ಮೈಲಿ ಹೋಗುತ್ತಿತ್ತು. ತಮ್ಮ ತಂಡಕ್ಕೆ ಬಾ ಎಂದು ಕಾಲೇಜುಗಳಿಂದ ದಪ್ಪ ದಪ್ಪ ಲಕೋಟೆಗಳು ಬರತೊಡಗಿದವು. ಅವನ್ನು ಕೈಗೆ ಕೊಡುವಾಗ ವರ್ಲಿನ್ ಅವರಿಗೆ ತಮ್ಮ ಮಗನ ಮದುವೆ ಪತ್ರ ಹಂಚಿದಷ್ಟು ಸಂತೋಷ. ಅವರಿಗೆ ಮಕ್ಕಳಿರಲಿಲ್ಲ.

ಆ ವರ್ಷದ ಏಪ್ರಿಲ್‌ನಲ್ಲಿ ಸ್ಕೌಟ್ ಗಿಲ್ ಸ್ಪ್ರಾಡ್ಲಿನ್ ಫೋನು ಮಾಡಿದ. ಅವನು ಕೋರ್ಬಿಯ ಆಟವನ್ನು ಮೂರು ಸಲ ನೋಡಿ ಮೇಲಕ್ಕೆ ವರದಿ ಕಳಿಸಿದ್ದ.

“ವರ್ಲಿನ್, ಕೂತಿದ್ದೀಯೋ ನಿಂತಿದ್ದೀಯೋ?”

“ನಿಂತಿದ್ದೀನಿ.”

“ಕೂತ್ಕೊ. ಗುರುವಾರ ವೈನ್‌ಗಾರ್ಟ್ ಬರ್ತಿದ್ದಾನೆ. ಅವನು ಹೂಂ ಅಂದ್ರೆ ನಿನ್ನ ಹುಡುಗ ಡ್ರಾಫ್ಟಿನ ಮೊದಲ ಮೂರು ಸುತ್ತಿನಲ್ಲೇ ಹೋಗ್ತಾನೆ. ಅವನಿಗೆ ಈ ಕಡೆ ಬರೋಕೆ ಇರೋದು ಅದೊಂದೇ ದಿನ, ತಿಳ್ಕೊ.”

ವೈನ್‌ಗಾರ್ಟ್ ಎಂದರೆ ಗಿಲ್‌ನ ಮೇಲಿನವನು. ಸ್ಕೌಟುಗಳು ಬರೆದದ್ದು ನಿಜವೋ ಎಂದು ತನ್ನ ಕಣ್ಣಿನಿಂದ ನೋಡಿ ನಿರ್ಧರಿಸುವವನು.

ಅದರ ಹಿಂದಿನ ಶುಕ್ರವಾರ ಕೋರ್ಬಿ ಚಳಿಗಾಳಿಯಲ್ಲಿ ಇಡೀ ಆಟಕ್ಕೂ ತಾನೊಬ್ಬನೇ ಚೆಂಡು ಎಸೆದಿದ್ದ. ಸೋಮವಾರ ಶಾಲೆಗೆ ರಜೆ. ವರ್ಲಿನ್ ಕಾರು ನಿಲ್ಲಿಸಿದಾಗ ಅವನು ಎಂದಿನಂತೆ ಡಬ್ಬಿಯ ಪಕ್ಕ ನಿಂತಿದ್ದ. ಕಟ್ಟನ್ನು ಚಾಚಿದರು. ಕೋರ್ಬಿ ಬಲಗೈ ಮುಂದೆ ಮಾಡಿದ.

ಎಡಗೈ ಖಾಲಿಯಾಗಿ ಪಕ್ಕದಲ್ಲಿ ಜೋತುಬಿದ್ದಿತ್ತು, ಬೆರಳು ಸ್ವಲ್ಪ ಮಡಚಿತ್ತು.

ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಕೋಚ್‌ಗಾಗಲಿ ಅವನ ತಾಯಿಗಾಗಲಿ ಕಂಡಿರಲಿಲ್ಲ. ಆ ಹುಡುಗ ಕಾಗದ ಯಾವ ಕೈಯಲ್ಲಿ ತೆಗೆದುಕೊಳ್ಳುತ್ತಾನೆ ಎಂದು ಒಂಬತ್ತು ವರ್ಷ ನೋಡಿದವರು ಒಬ್ಬರೇ. ಕೈ ಏನಾಯ್ತು ಎಂಬ ಪ್ರಶ್ನೆ ವರ್ಲಿನ್ ಅವರ ನಾಲಿಗೆಯವರೆಗೆ ಬಂತು.

“ಗುರುವಾರ ಆ ಮನುಷ್ಯ ಬರ್ತಿದ್ದಾನೆ,” ಎಂದರು ಅವರು.

“ಕೋಚ್ ಹೇಳಿದ್ರು. ನಾನು ರೆಡಿ, ಸರ್.”

“ಹಾಗಾದ್ರೆ ಸರಿ ಮಗಾ.”

ಅವತ್ತು ಊಟಕ್ಕೆ ನೋಮಾ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಮಾಡಿದ್ದರು. ವರ್ಲಿನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕಾರ್ಡಿನಲ್ಲಿ ಬರೆದರು. ಬರೆದು ತುಂಬಾ ಹೊತ್ತು ಅದನ್ನೇ ನೋಡಿದರು. ಆಮೇಲೆ ಪೆನ್ಸಿಲ್ ತಿರುಗಿಸಿ ಅಳಿಸತೊಡಗಿದರು.

“ಏನು ಅಳಿಸ್ತಿದ್ದೀಯ?” ಎಂದರು ನೋಮಾ. “ನೀನು ಕಾರ್ಡು ಅಳಿಸಿದ್ದು ನಾನು ನೋಡೇ ಇಲ್ಲ.”

ವರ್ಲಿನ್ ಕಂಡದ್ದನ್ನು ಹೇಳಿದರು.

“ಅವರಮ್ಮನಿಗೆ ಫೋನ್ ಮಾಡು.”

“ಏನಂತ ಮಾಡ್ಲಿ? ನಿಮ್ಮ ಹುಡುಗ ಒಂದ್ಸಲ ಬಲಗೈಯಲ್ಲಿ ಕರೆಂಟ್ ಬಿಲ್ ಇಸ್ಕೊಂಡ ಅಂತಲಾ? ನಗ್ತಾರೆ.”

“ಒಂದ್ಸಲ ಕಂಡಿದ್ದನ್ನೇ ಅಲ್ವಾ ನೀನು ಇಪ್ಪತ್ತಾರು ವರ್ಷ ಬರ್ಕೊಂಡು ಬಂದಿದ್ದು?”

ವರ್ಲಿನ್ ರಬ್ಬರಿನ ಪುಡಿಯನ್ನು ಅಂಗೈಯಲ್ಲಿ ಒತ್ತಿ ತೆಗೆದು ಬೀನ್ಸಿನ ತಟ್ಟೆಯ ಅಂಚಿಗೆ ಉದುರಿಸಿದರು. ನೋಮಾ ಆ ತಟ್ಟೆ ಎತ್ತಿಕೊಂಡು ಹೋದರು.

ಗುರುವಾರ ಮಧ್ಯಾಹ್ನ ಆಟ ಶುರುವಾಯಿತು. ವರ್ಲಿನ್ ತಮ್ಮ ಜಾಗದಲ್ಲಿ, ಎಸೆದ ಚೆಂಡು ಹಿಡಿಯುವ ಕ್ಯಾಚರ್‌ನ ಹಿಂದಿನ ಬಲೆಯಿಂದ ಹತ್ತು ಹೆಜ್ಜೆ ಆಚೆ ಕೂತರು. ಅವರಿಗೆ ಎರಡು ನಿಯಮಗಳಿದ್ದವು. ವೇಗ ಅಳೆಯುವ ಗನ್ನನ್ನು ಪಿಚರ್‌ಗೆ ಅಂದರೆ ಚೆಂಡು ಎಸೆಯುವವನಿಗೆ ಕಾಣುವಂತೆ ಎತ್ತಬಾರದು, ಕಂಡರೆ ಹುಡುಗ ಶಕ್ತಿ ಮೀರಿ ಎಸೆಯುತ್ತಾನೆ. ಅದಕ್ಕೇ ಅವರ ಗನ್ನು ಕಿರಾಣಿ ಅಂಗಡಿಯ ಕಾಗದದ ಚೀಲದೊಳಗೆ ಇರುತ್ತಿತ್ತು. ಎರಡನೆಯದು, ಆಟ ನಡೆಯುವಾಗ ಬೇಲಿಯ ಹತ್ತಿರ ಹೋಗಿ ಕೋಚ್ ಜೊತೆ ಮಾತಾಡಬಾರದು.

ವೈನ್‌ಗಾರ್ಟ್ ಬರಲಿಲ್ಲ. ಏಳು ಇನ್ನಿಂಗ್ಸಿನ ಆಟದಲ್ಲಿ ಎರಡನೆಯದು ಮುಗಿಯಿತು, ಮೂರನೆಯದೂ ಮುಗಿಯಿತು. ಗಿಲ್ ಎದ್ದು ನಿಂತು ರಸ್ತೆ ನೋಡುವುದು, ಕೂರುವುದು, ಮತ್ತೆ ಏಳುವುದು. ನಾಲ್ಕನೆಯದರಲ್ಲಿ ಗೊಬ್ಬರದ ಅಂಗಡಿಯವನು ಸೂರ್ಯಕಾಂತಿ ಬೀಜ ಅಗಿಯುತ್ತಾ ಬಂದ.

“ಕ್ರಾಸಿಂಗ್‌ನಲ್ಲಿ ಧಾನ್ಯದ ರೈಲು ಕೆಟ್ಟು ನಿಂತಿದೆ ಮಾರಾಯ. ಬಾಡಿಗೆ ಕಾರಿನಲ್ಲಿ ಯಾವನೋ ಹ್ಯಾಟಿನವನು ಅದಕ್ಕೆ ಹಾರ್ನ್ ಹೊಡೀತಾ ಕೂತಿದ್ದಾನೆ. ನೂರು ಡಬ್ಬಿಯ ರೈಲು, ದಾರಿ ಬಿಡಬೇಕಂತೆ ಇವನಿಗೆ!”

ಸುತ್ತಲಿನವರು ನಕ್ಕರು. ಗಿಲ್ ನಗಲಿಲ್ಲ.

ಐದನೆಯದು ಮುಗಿದಾಗ ನಮ್ಮ ತಂಡ ಆರು ರನ್ನು ಮುಂದಿತ್ತು. ಕೋರ್ಬಿ ಒಂದು ಎಸೆತಕ್ಕೂ ಮತ್ತೊಂದಕ್ಕೂ ನಡುವೆ ಎಡಗೈಯನ್ನು ತೊಡೆಗೆ ಒತ್ತಿ ಉಜ್ಜುತ್ತಿದ್ದ. ಬೇಲಿಯಾಚೆ, ಅವನ ಬದಲಿಗೆ ಎಸೆಯಲು, ಇನ್ನೊಬ್ಬ ಪಿಚರ್ ಕೈ ಬಿಸಿಮಾಡಿಕೊಳ್ಳತೊಡಗಿದ. ಅಷ್ಟರಲ್ಲಿ ದೂರದ ರಸ್ತೆಯಲ್ಲಿ ಧೂಳೆದ್ದಿತು, ಬಿಳಿ ಬಾಡಿಗೆ ಕಾರು ಕಂಡಿತು.

“ಕೋಚ್ ಹತ್ರ ಹೋಗು,” ಎಂದ ಗಿಲ್.

“ನೀನೇ ಹೋಗು.”

“ನಾನು ಹೋಗೋ ಹಾಗಿಲ್ಲ. ನಾನು ಕೇಳಿದ್ರೆ ತಂಡ ಕೇಳಿದ ಹಾಗೆ, ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ. ನೀನು ಊರವನು. ಒಂದು ಇನ್ನಿಂಗ್ಸ್, ವರ್ಲಿನ್. ಇಪ್ಪತ್ತಾರು ವರ್ಷದಲ್ಲಿ ಒಂದು ಇನ್ನಿಂಗ್ಸ್.”

ವರ್ಲಿನ್ ಎದ್ದರು. ಬೇಲಿಯವರೆಗೆ ಇಪ್ಪತ್ತು ಹೆಜ್ಜೆ. ಅಷ್ಟರೊಳಗೆ ತಿರುಗಿ ಹೋಗಬಹುದಿತ್ತು ಎಂದು ಆಮೇಲೆ ಅವರು ಪ್ರತಿ ಹೆಜ್ಜೆಯನ್ನೂ ಎಣಿಸಿ ಹೇಳುತ್ತಿದ್ದರು. ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ಕೋಚ್ ಪ್ರೂಯಿಟ್‌ನನ್ನು ಕರೆದರು.

“ಆ ಮನುಷ್ಯ ಬಂದ, ಕೋಚ್. ಕೋರ್ಬಿನ ಇನ್ನೊಂದು ಇನ್ನಿಂಗ್ಸ್ ಎಸೆಯೋಕೆ ಬಿಡು.”

ಕೋಚ್ ಹುಬ್ಬು ಗಂಟಿಕ್ಕಿದ. “ತೊಂಬತ್ತೊಂದು ಎಸೆತ ಆಯ್ತು ಕಣಯ್ಯ. ಹೋದ ಶುಕ್ರವಾರ ಎಸೆದಿದ್ದು ಬೇರೆ ಇದೆ. ಆಟ ಗೆದ್ದಾಯ್ತಲ್ಲ.”

“ಅವನು ನೋಡದೆ ಹೋದ್ರೆ ಮತ್ತೆ ಬರಲ್ಲ.”

ಕೋಚ್ ಕೋರ್ಬಿಯತ್ತ ನೋಡಿದ, ವರ್ಲಿನ್ ಅವರತ್ತ ನೋಡಿದ. “ನನ್ನ ಕಣ್ಣಿಗಿಂತ ನಿನ್ನ ಕಣ್ಣು ನಂಬ್ತೀನಿ ನಾನು. ಆಣೆ ಮಾಡಿ ಹೇಳು, ಅವನ ಕೈ ಚೆನ್ನಾಗಿದ್ಯಾ?”

“ಚೆನ್ನಾಗಿದೆ,” ಎಂದರು ವರ್ಲಿನ್.

ಕೋಚ್ ಇನ್ನೊಬ್ಬ ಪಿಚರ್‌ಗೆ ಕೂರಲು ಕೈ ಮಾಡಿದ.

ವೈನ್‌ಗಾರ್ಟ್ ಬಂದು ಬಲೆಯ ಹಿಂದೆಯೇ ನೇರವಾಗಿ ಕೂತ. ಬಂದವನೇ ಗನ್ನು ಎತ್ತಿದ. ಗಿಲ್ ಕೂಡ ಎತ್ತಿದ. ಎರಡು ಗನ್ನುಗಳು ತನ್ನತ್ತ ತಿರುಗಿದ್ದನ್ನು ಕೋರ್ಬಿ ನೋಡಿದ್ದನ್ನು ವರ್ಲಿನ್ ನೋಡಿದರು. ಮೊದಲ ಚೆಂಡು ತೊಂಬತ್ತಮೂರು. ಎರಡನೆಯದು ತೊಂಬತ್ತೈದು, ಅಷ್ಟು ಅವನು ಹಿಂದೆಂದೂ ಎಸೆದಿರಲಿಲ್ಲ. ವೈನ್‌ಗಾರ್ಟ್ ಮೊದಲ ಸಲ ಜೇಬಿನಿಂದ ಪೆನ್ನು ತೆಗೆದ.

ಮೂರನೆಯ ಚೆಂಡು ಕ್ಯಾಚರ್‌ನ ತಲೆಯ ಮೇಲೆ ಎರಡಾಳು ಎತ್ತರದಲ್ಲಿ ಹಾರಿ ಬಲೆಗೆ ಬಡಿಯಿತು. ಏನೋ ಸದ್ದು ಕೇಳಿತೆಂದು ಜನ ಆಮೇಲೆ ಹೇಳಿದರು. ವರ್ಲಿನ್ ಅವರಿಗೆ ಯಾವ ಸದ್ದೂ ಕೇಳಲಿಲ್ಲ. ಕೋರ್ಬಿ ತಾನು ನಿಂತು ಎಸೆಯುವ ಮಣ್ಣಿನ ದಿಬ್ಬದ ಮೇಲೆ ಮೊಣಕಾಲೂರಿ, ಮೊಣಕೈಯನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದ. ಅವನ ಟೋಪಿ ಕೆಳಗೆ ಬಿದ್ದಿತ್ತು. ಕೋಚ್ ಓಡಿ ಹೋಗಿ ಟೋಪಿ ಎತ್ತಿ ಕೊಟ್ಟಾಗ ಅವನು ಬಲಗೈ ಚಾಚಿ ತೆಗೆದುಕೊಂಡ.

ವೈನ್‌ಗಾರ್ಟ್ ಪೆನ್ನಿನ ಮುಚ್ಚಳ ಹಾಕಿದ. “ಮೂರು ಚೆಂಡು ನೋಡೋಕೆ ಇಷ್ಟು ದೂರ,” ಎಂದ ಗಿಲ್‌ಗೆ. ಆಮೇಲೆ ವರ್ಲಿನ್ ಅವರತ್ತ ತಿರುಗಿ, ಊರಿನವರಂತೆ ಕಂಡದ್ದರಿಂದ, “ಯಜಮಾನ್ರೇ, ಆ ರೈಲು ಸಿಗದೆ ಇರೋ ಹಾಗೆ ಬೇರೆ ದಾರಿ ಇದ್ಯಾ?” ಎಂದು ಕೇಳಿದ.

ವರ್ಲಿನ್ ದಾರಿ ಹೇಳಿದರು. ಎರಡನೇ ತಿರುವಿನಲ್ಲಿ ಎಡಕ್ಕೆ, ಹಳೇ ಜಿನ್ನಿಂಗ್ ಫ್ಯಾಕ್ಟರಿ ದಾಟಿ ಬಲಕ್ಕೆ.

ಮೊಣಕೈ ಒಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ ಹರಿದಿದೆ ಎಂದರು ಡಾಕ್ಟರು. ಕೊಯ್ದು ಹೊಲಿದರು. ಜೂನ್ ತಿಂಗಳ ಡ್ರಾಫ್ಟ್ ನಡೆದ ಮೂರು ದಿನವೂ ಲೆಡ್‌ಬೆಟರ್ ಮನೆಯ ಫೋನು ಒಮ್ಮೆಯೂ ರಿಂಗಾಗಲಿಲ್ಲ. ಒಂದು ವರ್ಷದ ಮೇಲೆ ಕೋರ್ಬಿ ಮತ್ತೆ ಎಸೆದಾಗ ಚೆಂಡು ಎಪ್ಪತ್ತೆಂಟು ಮೈಲಿ ಹೋಯಿತು. ಅವನು ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಗೆ ಸೇರಿದ. ಹತ್ತಿಯ ಅಂಡಿಗೆಗಳನ್ನು ಬಲಗೈ ಮುಂದು ಮಾಡಿ ತಳ್ಳುವುದನ್ನು ಕಲಿತ.

ಡ್ರಾಫ್ಟ್ ನಡೆದ ಆ ಬೇಸಿಗೆಯಲ್ಲೇ ಕಾಲೇಜುಗಳ ಕಾಗದಗಳು ಬಂದಿದ್ದವು. ತಂದವರು ವರ್ಲಿನ್. ಒಳಗೇನಿದೆ ಎಂದು ತೂಕದಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ಬಾ ಎಂದು ಕರೆಯುವ ಲಕೋಟೆ ದಪ್ಪ, ಬೇಡ ಎನ್ನುವುದು ಒಂದೇ ಹಾಳೆ. ಐದು ಕಾಲೇಜು, ಐದು ತೆಳ್ಳನೆಯ ಲಕೋಟೆ. ಕೊನೆಯದನ್ನು ಅವರು ಒಂದು ಇಡೀ ದಿನ ಕಾರಿನ ಮುಂದಿನ ಗಾಜಿನ ಹತ್ತಿರ ಇಟ್ಟುಕೊಂಡರು. ತಮ್ಮ ಕೆಲಸದಲ್ಲಿ ಅವರು ತಡಮಾಡಿದ್ದು ಅದೊಂದೇ ಕಾಗದ. ಮರುದಿನ ಡಬ್ಬಿಗೆ ಹಾಕಿದರು.

ಕೋರ್ಬಿ ಜಿನ್ನಿಂಗಿಗೆ ಸೇರಿದ ವರ್ಷ ಚಳಿ ಶುರುವಾದಾಗ ತಂಗಿ ಶಾಲೆ ಬಿಟ್ಟಳು. ತರಗತಿಯಲ್ಲಿ ಎದ್ದು ನಿಂತು ಓದಲು ಅವಳಿಗೆ ದನಿಯೇ ಹೊರಡುತ್ತಿರಲಿಲ್ಲ. ತಾಯಿ ಶೂ ಕಾರ್ಖಾನೆಗೆ, ಕೋರ್ಬಿ ಜಿನ್ನಿಂಗಿಗೆ ಹೋದ ಮೇಲೆ ಡಬ್ಬಿಯ ಹತ್ತಿರ ನಿಲ್ಲುವವಳು ಅವಳೇ. ಅವಳು ಹೆಚ್ಚು ಮಾತಾಡುವವಳಲ್ಲ ಎಂದೋ ಏನೋ, ವರ್ಲಿನ್ ಅವಳಿಗೆ ಹೇಳತೊಡಗಿದರು. ಒಂದು ದಿನಕ್ಕೆ ಎರಡೋ ಮೂರೋ ನಿಮಿಷ, ಕಾರು ಚಾಲೂ ಇಟ್ಟುಕೊಂಡೇ. ಒಂದು ದಿನ ಬಲಗೈ, ಇನ್ನೊಂದು ದಿನ ರಬ್ಬರು, ಮತ್ತೊಂದು ದಿನ ಇಪ್ಪತ್ತು ಹೆಜ್ಜೆ. ಕೋಚ್ ಕೇಳಿದ ಪ್ರಶ್ನೆಯನ್ನೂ ತಾವು ಕೊಟ್ಟ ಉತ್ತರವನ್ನೂ ಹೇಳಲು ಅವರಿಗೆ ಮೂರು ವಾರ ಹಿಡಿಯಿತು.

ತಂಗಿ ಕೊನೆಗೆ ಕೇಳಿದಳು: “ಇದನ್ನ ಅಣ್ಣನಿಗೆ ಯಾಕೆ ಹೇಳಿಲ್ಲ ನೀವು?”

“ಅವನು ಏನಂತಾನೆ ಮನೇಲಿ?”

“ತನ್ನದೇ ತಪ್ಪು ಅಂತಾನೆ. ನೋವು ಮುಚ್ಚಿಟ್ಟು ಎಲ್ಲರಿಗೂ ಮೋಸ ಮಾಡ್ದೆ, ನಿಮಗೂ ಮೋಸ ಮಾಡ್ದೆ ಅಂತಾನೆ. ನಿಮ್ಮ ಕಾರು ಕಂಡ್ರೆ ಒಳಗೆ ಹೋಗ್ತಾನೆ.”

ವರ್ಲಿನ್ ಸ್ಟಿಯರಿಂಗ್ ಹಿಡಿದ ಕೈಯನ್ನೇ ನೋಡುತ್ತಾ ಕೂತರು.

“ಶನಿವಾರ ಅವನು ಮನೇಲಿ ಇರ್ತಾನಾ?”

“ಇರ್ತಾನೆ.”

“ಶನಿವಾರ ಹೇಳ್ತೀನಿ.”

ಶನಿವಾರ ತಂಗಿ ಬೇಕೆಂದೇ ಹೊರಗೆ ಹೋಗದೆ ಕೋರ್ಬಿಯನ್ನು ಕಳಿಸಿದಳು. ಕಿಟಕಿಯಿಂದ ನೋಡಿದಳು. ಕಾರು ನಿಂತಿತು. ವರ್ಲಿನ್ ಕಟ್ಟು ಚಾಚಿದರು, ಕೋರ್ಬಿ ತಲೆ ತಗ್ಗಿಸಿಕೊಂಡು ತೆಗೆದುಕೊಂಡ. ವರ್ಲಿನ್ ಏನೋ ಹೇಳಿದರು. ಕಾರು ಹೋಯಿತು.

“ಏನಂದ್ರು?” ಎಂದಳು ತಂಗಿ, ಅವನು ಒಳಗೆ ಬಂದಾಗ.

“ಮಳೆ ಬರೋ ಹಾಗಿದೆ ಅಂದ್ರು.”

ಅಂಥ ಶನಿವಾರಗಳು ಹನ್ನೊಂದು ಆದವು. ತಂಗಿ ಪ್ರತಿ ಸಲವೂ ಕಿಟಕಿಯಲ್ಲಿ ನಿಂತಿದ್ದಳು. ವರ್ಲಿನ್ ಬೇಟೆನಾಯಿಯ ಕೆಲಸ ಬಿಟ್ಟುಬಿಟ್ಟಿದ್ದರು. ಗಿಲ್ ಫೋನು ಮಾಡಿದರೆ ಎತ್ತುತ್ತಿರಲಿಲ್ಲ, ಡಾಟ್ ಕೆಫೆಗೆ ಹೋಗುತ್ತಿರಲಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ ಅವರ ಕಾರು ಹತ್ತಿಹೊಲದ ತಿರುವಿನಲ್ಲಿ, ಹಿಂದೆ ಹನ್ನೊಂದು ಹೆಂಟೆ ಎಣಿಸಿದ ಜಾಗದಲ್ಲಿ, ಎಂಜಿನ್ ಚಾಲೂ ಇದ್ದು ನಿಂತಿತ್ತು. ಹೃದಯ ನಿಂತಿತ್ತು ಎಂದರು. ಅವರ ತೊಡೆಯ ಮೇಲೆ ಲೆಡ್‌ಬೆಟರ್ ಮನೆಯ ಕಟ್ಟು ಇತ್ತು. ಅದು ಶನಿವಾರ.

ಮಣ್ಣು ಮಾಡಿದ ಮೇಲೆ ನೋಮಾ ಶೂ ಡಬ್ಬಿಯನ್ನು ತಂಗಿಗೆ ಕೊಟ್ಟರು. ಎರಡು ನೂರಕ್ಕಿಂತ ಹೆಚ್ಚು ಕಾರ್ಡುಗಳು. ಕೋರ್ಬಿಯ ಕೊನೆಯ ಕಾರ್ಡಿನಲ್ಲಿ ಕೆಳಗಿನ ಎರಡು ಸಾಲು ಖಾಲಿ ಇವೆ. ಆದರೆ ವರ್ಲಿನ್ ಪೆನ್ಸಿಲ್ ಒತ್ತಿ ಬರೆಯುವವರು. ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದರೆ ಗುರುತು ಕಾಣುತ್ತದೆ: ‘ಸೋಮವಾರ. ಬಲಗೈಯಲ್ಲಿ ತೆಗೆದುಕೊಂಡ. ಗುರುವಾರ ಆಡಿಸಬಾರದು.’

ನನಗೆ ಗೊತ್ತಿರುವುದು ಇಷ್ಟೇ. ಇದನ್ನು ಇನ್ನೂ ಲೈಬ್ರರಿಗೆ ಕೊಟ್ಟಿಲ್ಲ. ಅಣ್ಣ ನಾಲ್ಕು ಗಂಟೆಗೆ ಜಿನ್ನಿಂಗಿನಿಂದ ಬರುತ್ತಾನೆ. ಅವನು ಕೈ ತೊಳೆದುಕೊಂಡ ಮೇಲೆ ಈ ಹಾಳೆಗಳನ್ನೂ ಆ ಕಾರ್ಡನ್ನೂ ಅವನ ಕೈಗೆ ಕೊಟ್ಟು, ಅವನು ಓದಿ ಮುಗಿಸುವವರೆಗೆ ಅಡುಗೆಮನೆಯಲ್ಲಿ ಕೂತಿರುತ್ತೇನೆ.